ಸಾಲಿನ ಕೊನೆಯಲ್ಲಿ ಕೇಳಿದ ಕೆಮ್ಮು

ಚಿಂಪಾಂಜಿ ನೋಡಲು ಕಾಡಿಗೆ ಹೋಗುವ ಪ್ರವಾಸಿಗರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಅರಾಲಿ, ಎಲ್ಲರಿಗಿಂತ ಹಿಂದೆ ನಾನು. ಅರಾಲಿ ಇಪ್ಪತ್ತೆರಡು ವರ್ಷದಿಂದ ಚಿಂಪಾಂಜಿಗಳ ಜಾಡು ಹಿಡಿಯುತ್ತಿರುವವರು. ನಾನು ಡಿಗ್ರಿ ಮುಗಿಸಿ ಸೇರಿ ಐದು ತಿಂಗಳಾಗಿತ್ತು. ಹಿಂದೆ ನಡೆಯುವವಳಿಗೆ ಕೆಲಸ ಎರಡೇ. ಯಾರೂ ದಾರಿ ತಪ್ಪದಂತೆ ನೋಡುವುದು. ಯಾರಾದರೂ ಕೆಮ್ಮಿದರೆ ಅಲ್ಲಿಂದಲೇ ಅವರನ್ನು ವಾಪಸು ಕರೆದೊಯ್ಯುವುದು. ನಮ್ಮ ನೆಗಡಿ ಚಿಂಪಾಂಜಿಗಳಿಗೆ ಸಾವು. ತೂರೋ ಸೀಮೆಯ ಈ ಕಾಡಂಚಿನಲ್ಲಿ ಮೂಗು ಸೋರುವ ಮಗುವನ್ನು ಸೌದೆಗೂ ಕಳಿಸುವುದಿಲ್ಲ.

ನಾನು ಮಾತು ಕಡಿಮೆಯವಳು. "ನಮ್ಮ ಅಬ್ವೋಲಿ ಬಾಯಿ ಬಿಟ್ರೆ ಹಕ್ಕಿ ಹಾರ್ಹೋಗುತ್ತೆ ಅಂತ ಮುಚ್ಕೊಂಡಿರ್ತಾಳೆ" ಎಂದು ಅರಾಲಿ ಪ್ರವಾಸಿಗರೆದುರೇ ನಗೆಯಾಡುತ್ತಿದ್ದರು. ಅಬ್ವೋಲಿ ನನ್ನ ಕರೆಯುವ ಹೆಸರು. ನಮ್ಮಲ್ಲಿ ಪ್ರತಿಯೊಬ್ಬರಿಗೂ ಅಂಥದೊಂದಿರುತ್ತದೆ; ಅದನ್ನು ಹಿಡಿದು ಕೂಗದಿದ್ದರೆ ಜಗಳಕ್ಕೆ ಬಂದ ಹಾಗೆ. ಕಾಡಿನ ಚಿಂಪಾಂಜಿಗಳಿಗೂ ಅರಾಲಿ ಅಂಥ ಹೆಸರುಗಳನ್ನೇ ಇಟ್ಟಿದ್ದರು. ಅಕೀಕಿ ಎಂಬ ತಾಯಿಗೆ ನಾಲ್ಕು ತಿಂಗಳ ಕೂಸಿತ್ತು. ಮೊದಲೆರಡು ಉಳಿದಿರಲಿಲ್ಲ.

ಆ ಮಂಗಳವಾರ ಬಂದ ಆರು ಜನರಲ್ಲಿ ಒಬ್ಬಾಕೆ ವಯಸ್ಸಾದವಳು. ಬೆಳಗ್ಗೆ ಯಾರಿಗಾದರೂ ನೆಗಡಿ ಕೆಮ್ಮು ಇದೆಯೇ ಎಂದು ಅರಾಲಿ ಕೇಳಿದಾಗ ಎಲ್ಲರಂತೆ ತಾನೂ ಚೆನ್ನಾಗಿದ್ದೇನೆ ಎಂದಿದ್ದಳು. ದಾರಿಯಲ್ಲಿ ಹಿಂದೆ ಸರಿದು ನನ್ನ ಜೊತೆಯಾದಳು. ಚಿಂಪಾಂಜಿಯನ್ನೂ ಹಸಿರೆದೆಯ ನವರಂಗ ಹಕ್ಕಿಯನ್ನೂ ನೋಡಬೇಕೆಂಬುದು ತೀರಿಕೊಂಡ ಗಂಡನ ಆಸೆಯಂತೆ. ಅವನ ದುರ್ಬೀನನ್ನೇ ಕೊರಳಿಗೆ ಹಾಕಿಕೊಂಡಿದ್ದಳು. ನವರಂಗ ಸಿಕ್ಕಿತು. ತರಗೆಲೆಯ ಮೇಲೆ ಎರಡು ಸಲ ಕುಪ್ಪಳಿಸಿ, ನಮ್ಮತ್ತ ಎದೆ ತಿರುಗಿಸಿ ನಿಂತಿತು. ಆಕೆ ಅತ್ತಳು. ಅಳು ನಿಂತ ಮೇಲೆ ಮುಖಗವಸಿನೊಳಗೆ ಕೆಮ್ಮಿದಳು; ಕಫವಿದ್ದ ಕೆಮ್ಮು. ನಾನು ನೋಡಿದೆ. ಗವಸಿನ ಮೇಲೆ ಬೆರಳಿಟ್ಟು, ಬರೀ ಧೂಳು ಎಂದು ಪಿಸುಗುಟ್ಟಿದಳು. ಹಿಂದಿನ ದಿನವಿಡೀ ಮಳೆ ಸುರಿದಿತ್ತು.

ಹೇಳಬೇಕಾದ ಮಾತು ಬಾಯಿಪಾಠವಾಗಿತ್ತು. ಅದನ್ನು ಆ ಒದ್ದೆ ಕಣ್ಣುಗಳಿಗೆ ಹೇಳುವುದು ನನ್ನಿಂದಾಗಲಿಲ್ಲ. ಮುಂದಿನ ತಿರುವಿನಲ್ಲಿ ಹೇಳೋಣ ಎಂದುಕೊಂಡೆ. ತಿರುವು ದಾಟಿದರೆ ದೊಡ್ಡ ಅತ್ತಿಮರ, ಅದರ ಬೇರಿನ ಮೇಲೆ ಅಕೀಕಿ, ಮಡಿಲಲ್ಲಿ ಕೂಸು. ಒಂದು ಗಂಟೆ ಅಲ್ಲೇ ಕುಳಿತೆವು. ಆಕೆ ನೀರು ಕುಡಿಯಲು ಗವಸು ಇಳಿಸಿದಾಗ ಇನ್ನೆರಡು ಸಲ ಕೆಮ್ಮಿದಳು.

ಆರನೆಯ ದಿನ ಅಕೀಕಿ ಕೆಮ್ಮಿತು. ಪ್ರವಾಸಿಗರನ್ನೆಲ್ಲ ಹಿಂದಕ್ಕೆ ಕಳಿಸಿದರು. ಪಟ್ಟಣದಿಂದ ಬಂದ ಪ್ರಾಣಿಗಳ ಡಾಕ್ಟರು ಮರದ ತುದಿಯಲ್ಲಿದ್ದ ಅಕೀಕಿಯನ್ನು ಕತ್ತು ನೋಯುವವರೆಗೆ ನೋಡಿದರು. ಹಿಡಿದು ಮದ್ದು ಕೊಡಲು ಅರಿವಳಿಕೆ ಸೂಜಿ ಹೊಡೆದರೆ ಪ್ರಜ್ಞೆ ತಪ್ಪಿ ಅಷ್ಟೆತ್ತರದಿಂದ ತಾಯಿ ಮಗು ಎರಡೂ ಬೀಳುತ್ತವೆ, ಕಾಯುವುದೇ ದಾರಿ ಎಂದು ಹೇಳಿ ಹೊರಟುಹೋದರು. ಅರಾಲಿಯೂ ನಾನೂ ದೂರದಿಂದ ಕಾದೆವು. ಕೂಸು ಹಾಲಿಗೆ ಬಾಯಿ ಹಾಕುವುದು, ಮೂಗು ಕಟ್ಟಿ ಬಿಡುವುದು, ಮತ್ತೆ ಹಾಕುವುದು. ಮನೆಯಿಂದ ತಂದ ರಾಗಿ ಮುದ್ದೆ ಬಾಳೆಯೆಲೆಯಲ್ಲೇ ಆರಿ ಬಿರುಕು ಬಿಡುತ್ತಿತ್ತು. ದಿನಚರಿಯಲ್ಲಿ ಆ ಮಂಗಳವಾರದ ಪುಟಕ್ಕೆ ನವರಂಗದ ವಿಷಯ ಮಾತ್ರ ಬರೆದಿದ್ದೆ.

ಹತ್ತನೆಯ ದಿನ ಬೆಳಗ್ಗೆ ಕೂಸಿನ ಕೈ ತಾಯಿಯ ಕೂದಲು ಹಿಡಿದಿರಲಿಲ್ಲ. ಅಕೀಕಿ ಅದನ್ನು ಹೆಗಲು ಮತ್ತು ಕತ್ತಿನ ನಡುವೆ ಇರುಕಿಕೊಂಡು ಕೊಂಬೆಯಿಂದ ಕೊಂಬೆಗೆ ನಿಧಾನವಾಗಿ ಹೋಗುತ್ತಿತ್ತು. ನಡುನಡುವೆ ನಿಂತು ಅದರ ಮೈಮೇಲಿನ ನೊಣ ಓಡಿಸುತ್ತಿತ್ತು.

"ಅರಾಲಿ," ಎಂದೆ. "ಆ ಹೆಂಗಸು ಕೆಮ್ಮಿದ್ದು ನಂಗೆ ಕೇಳ್ಸಿತ್ತು. ಅತ್ತಿಮರಕ್ಕಿಂತ ಮುಂಚೆನೇ."

ಅವರು ಬೈಯಲಿ ಎಂದು ಕಾದೆ. ಅವರು ಮೇಲಿನಿಂದ ಕಣ್ಣು ತೆಗೆಯಲಿಲ್ಲ.

"ನಂಗೂ ಕೇಳ್ಸಿತ್ತು, ತಾಯಿ."

ತಾವಾಗಿಯೇ ಮುಂದುವರಿಸಿದರು: "ಆಕೆ ಅಳ್ತಾ ಇದ್ಲು. ಹಿಂದೆ ನೀನಿದೀಯಲ್ಲ, ನೀನೇ ಕರ್ಕೊಂಡ್ಹೋಗ್ತೀಯ, ನನ್ ಬಾಯಿಂದ ಯಾಕೆ ಅಂದ್ಕೊಂಡೆ. ನೀನು ಸುಮ್ನಿದ್ದೆ. ನಾನೂ ಸುಮ್ನಾದೆ."

ಈಗ ಏನು ಮಾಡುವುದು ಎಂದು ಕೇಳಿದೆ. ಏನೂ ಇಲ್ಲ ಎಂದರು.

ಅಷ್ಟರಲ್ಲಿ ಕಣಿವೆಯ ಆಚೆ, ಗಂಡು ಚಿಂಪಾಂಜಿಗಳು ಮಲಗುವ ಕಡೆಯಿಂದ, ಕೆಮ್ಮು ಕೇಳಿಸಿತು. ಅದಕ್ಕೆ ಉತ್ತರ ಕೊಟ್ಟಂತೆ ಇನ್ನೊಂದು. ಯಾವ ಮರವೆಂದು ಅರಾಲಿ ತಿರುಗಿ ನೋಡಲಿಲ್ಲ.