ಉತ್ತರದ ಇಳಿಜಾರು

"ಪೆನ್ನು ಕೆಳಗಿಡಿ ಮಿಸ್ಟರ್ ಹ್ಯಾಸ್ಕಿನ್ಸ್! ಹಳೇ ಚೀಟಿ ಮೇಲೆ ಒಂದು ಚುಕ್ಕೆನೂ ಇಡೋ ಹಾಗಿಲ್ಲ. ಜನ್ಮವೆಲ್ಲಾ ಅರಣ್ಯ ಇಲಾಖೆಯಲ್ಲಿ ಕಳೆದೋರು, ಇಷ್ಟೂ ಗೊತ್ತಿಲ್ವಾ?"

ಒಣಗಿಸಿದ ಗಿಡಮರಗಳ ಮಾದರಿ ಕಾಪಿಡುವ ಸಂಗ್ರಹಾಲಯದ ಮಾರ್ಸಿ ಗದರಿದ ಮೇಲೆ ವೆಂಡೆಲ್ ಪೆನ್ನು ಮುಚ್ಚಿದ. ಮುಂದಿದ್ದ ಹಾಳೆಗೆ ಒಣಗಿದ ಓಕ್ ರೆಂಬೆಯೊಂದನ್ನು ಹೊಲಿದಿದ್ದರು. ಎಲೆಯ ಅಡಿಯ ಹೊಂಬಣ್ಣ ಇನ್ನೂ ಮಾಸಿರಲಿಲ್ಲ. ಮೂಲೆಯ ಚೀಟಿಯಲ್ಲಿ ಅವನದೇ ಅಕ್ಷರ: ಸಿಸ್ಕಿಯು ಬೆಟ್ಟ, ದಕ್ಷಿಣದ ಇಳಿಜಾರು, 1968. ಸಂಗ್ರಹಿಸಿದವರು: ವೆಂಡೆಲ್ ಹ್ಯಾಸ್ಕಿನ್ಸ್.

"ಇನ್ನೊಂದು ಹೆಸರು ಸೇರಿಸ್ಬೇಕಮ್ಮ. ಓಪಲ್ ಬ್ರಾಂಟ್. ನಾನು ಮದುವೆ ಆಗಬೇಕಿದ್ದೋಳು. ಮರ ಹುಡುಕಿದ್ದು, ಬಂಡೆ ಹತ್ತಿದ್ದು ಎಲ್ಲಾ ಅವಳೇ. ಪದವಿ ಆಸೆಗೆ ನನ್ನ ಹೆಸರೊಂದೇ ಬರೆದೆ."

"ಅವರೇನಂದ್ರು?"

"ಚೀಟಿ ಓದಿದ್ಲು. ಸೋಮವಾರದ ಬಸ್ಸು ಹತ್ತಿ ಹೋಗೇಬಿಟ್ಲು."

ಆಮೇಲೆ ಅವನು ಬೇರೆ ಯಾರನ್ನೂ ಮದುವೆಯಾಗಲಿಲ್ಲ. ಪುಣ್ಯಾತ್ಮ, ಇದೇ ಊರಲ್ಲಿದ್ದೂ ನಾಚಿಕೆಗೆ ಈ ಹೊಸ್ತಿಲು ತುಳಿದಿರಲಿಲ್ಲ.

"ಬೇರೆ ಚೀಟಿ ಬರೆದು, ತಾರೀಕು ಹಾಕಿ, ಹಳೇದನ್ನ ಮುಚ್ಚದ ಹಾಗೆ ಅದರ ಮೇಲ್ಗಡೆ ಅಂಟಿಸಬಹುದು. ಅದಕ್ಕೆ ಯಾರ ಅಡ್ಡಿಯೂ ಇಲ್ಲ," ಎಂದಳು ಮಾರ್ಸಿ. "ಸ್ವಲ್ಪ ಕೈ ತೆಗೀರಿ. ಅಯ್ಯೋ, ಇಲ್ಲಿ ಆಗಲೇ ಒಂದಿದೆಯಲ್ಲ!"

ಅವನ ಅಂಗೈಯಡಿ ಇದ್ದ ಚೀಟಿಯನ್ನು ಅವಳೇ ಓದಿದಳು: "ಮರದ ಗುರುತು ಸರಿ. ಇಳಿಜಾರು ತಪ್ಪು, ಅದು ಉತ್ತರದ್ದು. ಹತ್ತಿದವರಿಗೆ ಗೊತ್ತು. ಓಪಲ್ ಬ್ರಾಂಟ್, ಮೇ 1991."

ವೆಂಡೆಲ್ ಜೋರಾಗಿ ನಕ್ಕ. ನಗುತ್ತಲೇ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

"ಬಂದಿದ್ಲು! ನಾನು ನಾಲ್ಕು ಬೀದಿ ಆಚೆ ಕೂತಿದ್ದೆ ಮಾರ್ಸಿ, ನಾಲ್ಕೇ ಬೀದಿ."

ಅವನು ಮತ್ತೆ ಕನ್ನಡಕ ಏರಿಸಿ, ಹೊಸ ಚೀಟಿ ತೆಗೆದುಕೊಂಡು, ತಾರೀಕು ಹಾಕಿ ಬರೆದ: ಉತ್ತರದ ಇಳಿಜಾರೇ. ಹುಡುಕಿದವಳು, ಹತ್ತಿದವಳು ಓಪಲ್ ಬ್ರಾಂಟ್. ನಾನು ಕೆಳಗೆ ನಿಂತಿದ್ದೆ.

ಮಾರ್ಸಿ ಅಂಟು ಸವರಿ, ಚೀಟಿಯನ್ನು ಓಪಲ್‌ಳ ಚೀಟಿಯ ಮೇಲ್ಗಡೆ ಹಿಡಿದಳು.

"ಇನ್ನೂ ಕೆಳಗೆ ತಾ. ಅವಳದಕ್ಕೆ ತಾಗ್ಲಿ. ಮೇಲೆ ಒಂದು ಚೀಟಿಯಷ್ಟು ಜಾಗ ಉಳೀಬೇಕು."

"ಯಾಕೆ?"

"ಇದರಲ್ಲೂ ತಪ್ಪು ಹುಡುಕದೆ ಬಿಡೋಳಲ್ಲ ಅವಳು."

"ಅವರು... ಇದ್ದಾರಾ?"

"ಗೊತ್ತಿಲ್ಲಮ್ಮ."

ಮಾರ್ಸಿ ಚೀಟಿಯನ್ನು ಕೆಳಗೆ ಸರಿಸಿ ಒತ್ತಿದಳು, ಅಂಟು ಕಚ್ಚಲೆಂದು ಮೇಲೊಂದು ಪುಟ್ಟ ಮರಳಿನ ಚೀಲವಿಟ್ಟಳು. ಅದರಾಚೆ ಮೂರು ಬೆರಳಗಲದ ಬಿಳಿ ಹಾಳೆ ಖಾಲಿ ಉಳಿಯಿತು.