ಮಾರಿ ನೋಡಿ ರೇಟು

ಹೌದು, ನಾನು ಗಿರಾಕಿಯ ಮುಖ ನೋಡಿಯೇ ರೇಟು ಹೇಳುತ್ತಿದ್ದೆ. ಏನೀಗ? ರಾಯಚೂರಿನ ಸ್ಟೇಷನ್ ರೋಡಿನಲ್ಲಿ ಔಷಧಿ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ಬೋರ್ಡಿನ ಮೇಲೆ ಬರೆಸಿದ ಹೆಸರು ಯಾರಿಗೂ ನೆನಪಿಲ್ಲ. ‘ಮಾರಿ ನೋಡಿ ರೇಟು ಹೇಳೋ ಅಂಗಡಿ’ ಎಂದರೆ ಸಾಕು, ಆಟೋದವರು ಸೀದಾ ತಂದು ಇಳಿಸುತ್ತಿದ್ದರು. ನಮ್ಮ ಕಡೆ ಮಾರಿ ಅಂದರೆ ಮುಖ. ಬೈಯುವವರು ಆ ಹೆಸರು ಹಿಡಿದೇ ಬೈಯುತ್ತಿದ್ದರು, ಹರಸುವವರೂ ಆ ಹೆಸರು ಹಿಡಿದೇ ಹರಸುತ್ತಿದ್ದರು.

ಇದರಲ್ಲಿ ಗುಟ್ಟೇನಿಲ್ಲ. ಹತ್ತು ಗುಳಿಗೆಯ ಹಾಳೆಯ ಮೇಲೆ ಮುನ್ನೂರು ರೂಪಾಯಿ ಎಂದು ಅಚ್ಚಾಗಿರುತ್ತದೆ. ಅದೇ ಹಾಳೆ ನನ್ನ ಕೈಗೆ ಅರವತ್ತಕ್ಕೆ ಬರುತ್ತದೆ. ಎಲ್ಲ ಔಷಧಿಯೂ ಹೀಗಲ್ಲ, ಆದರೆ ಇಂಥವು ನನ್ನ ಅಂಗಡಿಯಲ್ಲಿ ಬಹಳ ಇದ್ದವು. ಅರವತ್ತರಿಂದ ಮುನ್ನೂರರ ತನಕ ಎಷ್ಟಕ್ಕೆ ಬೇಕಾದರೂ ಮಾರು, ಯಾರೂ ಕೇಳುವುದಿಲ್ಲ. ಅಕ್ಕಪಕ್ಕದವರು ಎಲ್ಲರಿಗೂ ಮುನ್ನೂರೇ ಹೇಳಿ ಪ್ರಾಮಾಣಿಕರು ಅನ್ನಿಸಿಕೊಂಡಿದ್ದರು. ನಾನು ಮೂರು ರೇಟು ಇಟ್ಟಿದ್ದೆ. ಮೈಮೇಲೆ ಬಂಗಾರ ಇದ್ದವರಿಗೆ ಮುನ್ನೂರು, ಸಂಬಳದವರಿಗೆ ನೂರೈವತ್ತು, ಕೂಲಿಯವರಿಗೆ ಎಪ್ಪತ್ತೈದು.

ಇದನ್ನು ನನ್ನ ತಲೆಗೆ ತುಂಬಿದವರು ನಮ್ಮಪ್ಪ. ಜಗನ್ನಾಥ ಮಾಸ್ತರು ಎಂದರೆ ಮಾನ್ವಿಯಲ್ಲಿ ಈಗಲೂ ಜನ ಎದ್ದು ನಿಲ್ಲುತ್ತಾರೆ. ಮೂವತ್ತು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿದವರು. ಅಂಗಡಿ ತೆರೆದ ದಿನ ಪೂಜೆ ಮುಗಿಸಿ, ಮಂಗಳಾರತಿ ತಟ್ಟೆ ಕೆಳಗಿಡುವ ಮೊದಲೇ ಪಾಠ ಶುರು ಮಾಡಿದ್ದರು.

“ವಿಶ್ವೇಶ, ಸಮ ಇಲ್ಲದ ಮಂದಿಗೆ ಸಮ ರೇಟು ಹೇಳೋದು ನ್ಯಾಯ ಅಲ್ಲೋ. ಇದ್ದವಗ ನೂರು ಅಂದ್ರ ಒಂದು ಹೊತ್ತಿನ ಹೋಟೆಲ್ ಊಟ. ಇಲ್ಲದವಗ ಅದು ಎರಡು ದಿನದ ದುಡಿಮಿ. ಅಂಕಿ ಒಂದೇ ಇರಬಹುದು, ಭಾರ ಒಂದೇ ಅಲ್ಲ.”

ನನ್ನ ಹೆಂಡತಿ ವೇದಶ್ರೀ ಅಲ್ಲೇ ನಿಂತಿದ್ದಳು. ಮಾವನವರು ಆ ಕಡೆ ಹೋದ ಮೇಲೆ ನಕ್ಕಳು. “ಕಾಲೇಜಿನಾಗ ತಪ್ಪು ಬರದ್ರ ಮಾರ್ಕ್ಸ್ ಹೋಗ್ತಾವ. ನಿಮ್ಮ ಅಂಗಡ್ಯಾಗ ತಪ್ಪಿದ್ರ ಏನು ಹೋಗ್ತದ?” ಎಂದು ಕೇಳಿದಳು. ನಾನೂ ನಕ್ಕುಬಿಟ್ಟೆ.

ತಪ್ಪುತ್ತಿರಲಿಲ್ಲ ಕೂಡ. ಕಿವಿ ನೋಡುತ್ತಿದ್ದೆ, ಕೊರಳು ನೋಡುತ್ತಿದ್ದೆ, ಅಂಗಿಯ ಕಾಲರ್ ನೋಡುತ್ತಿದ್ದೆ. ದುಡ್ಡು ಎಲ್ಲಿಂದ ಹೊರಗೆ ಬರುತ್ತದೆ ನೋಡುತ್ತಿದ್ದೆ, ಸೆರಗಿನ ಗಂಟಿನಿಂದಲೋ, ಪರ್ಸಿನಿಂದಲೋ. ಚೌಕಾಸಿ ಮಾಡುವವರು ಬಡವರು ಅಥವಾ ಸಂಬಳದವರು. ಬಂಗಾರದವರು ಬೈದುಕೊಂಡಾದರೂ ಕೊಟ್ಟು ಹೋಗುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ನನ್ನ ಲೆಕ್ಕ ಸರಿ ಬರುತ್ತಿತ್ತು. ಆ ಸೊಕ್ಕು ನನಗಿತ್ತು, ಸುಳ್ಳು ಯಾಕೆ ಹೇಳಲಿ.

ಕಳೆದ ವರ್ಷ ಯುಗಾದಿಯ ಹಿಂದಿನ ವಾರ ಮೂಕಮ್ಮ ಎಂಬಾಕೆ ಮೊದಲ ಸಲ ನನ್ನ ಅಂಗಡಿಗೆ ಬಂದಳು. ಹಸಿರು ಇಳಕಲ್ ಸೀರೆ, ಕೆಂಪು ಸೆರಗು, ಕೊರಳಲ್ಲಿ ಬಂಗಾರದ ಬೋರಮಾಳ ಸರ, ಹೆಗಲಿಗೆ ಕಪ್ಪು ವ್ಯಾನಿಟಿ ಬ್ಯಾಗು. ಚೀಟಿ ಮುಂದಿಟ್ಟಳು. ಗಂಡ ಮೌನಪ್ಪ, ವಯಸ್ಸು ನಲವತ್ತಾರು, ಊರು ದೇವದುರ್ಗ. ಎದೆಯ ರಕ್ತನಾಳಕ್ಕೆ ಸ್ಟೆಂಟ್ ಹಾಕಿ ಮನೆಗೆ ಕಳಿಸಿದ್ದರು. ಸ್ಟೆಂಟ್ ಸರ್ಕಾರದ ಯೋಜನೆಯಲ್ಲಿ ಪುಕ್ಕಟೆ ಆಗಿತ್ತು. ಅದರೊಳಗೆ ರಕ್ತ ಹೆಪ್ಪುಗಟ್ಟದಂತೆ ವರ್ಷವಿಡೀ ನುಂಗಬೇಕಾದ ಗುಳಿಗೆಯನ್ನು ಮಾತ್ರ ಹೊರಗಿನಿಂದ ತಗೊಳ್ಳಿ ಎಂದು ಬರೆದಿದ್ದರು.

“ತಿಂಗಳಿಗೆ ಎಷ್ಟಾಗ್ತದ್ರಿ?” ಎಂದು ಕೇಳಿದಳು.

ಕೊರಳು ನೋಡಿದೆ. “ದಿನಕ್ಕೆರಡು, ತಿಂಗಳಿಗೆ ಆರು ಹಾಳಿ. ಸಾವಿರದ ಎಂಟುನೂರು, ಅಕ್ಕಾರ.”

ಚೌಕಾಸಿ ಮಾಡಲಿಲ್ಲ. ಬೋರಮಾಳದ ಮೇಲೆ ಒಮ್ಮೆ ಕೈಯಾಡಿಸಿಕೊಂಡಳು. ಆಮೇಲೆ, “ಹದಿನೈದು ದಿನದ್ದು ಕೊಡ್ರಿ” ಎಂದಳು.

“ಒಂದು ಹೊತ್ತು ಸೈತ ತಪ್ಪಸಬ್ಯಾಡ್ರಿ. ಎದ್ಯಾಗ ಹಾಕಿದ್ದು ಮುಚ್ಚಿಕೊಂಡ್ರ ಮನಿಷಾ ಉಳಿಯಂಗಿಲ್ಲ.”

“ಹೂನ್ರಿ” ಎಂದು ಒಂಬೈನೂರು ಎಣಿಸಿ ಕೊಟ್ಟಳು. ಅವಳು ಮೆಟ್ಟಿಲಿಳಿಯುವಾಗ ನಾನು ಮನಸ್ಸಿನಲ್ಲೇ ಥೂ ಎಂದೆ. ಕೊರಳ ತುಂಬ ಬಂಗಾರ ಹಾಕಿಕೊಂಡು ಗಂಡನ ಜೀವಕ್ಕೆ ಹದಿನೈದೇ ದಿನದ ಗುಳಿಗೆ! ಎಂಥ ಜಿಪುಣಿ ಇದ್ದಾಳಪ್ಪ ಎಂದುಕೊಂಡೆ. ಕೂಲಿಯವರ ರೇಟಿನಲ್ಲಿ ಅದೇ ಒಂಬೈನೂರಕ್ಕೆ ಎರಡು ತಿಂಗಳ ಗುಳಿಗೆ ಬರುತ್ತಿತ್ತು.

ಅದಾಗಿ ಒಂದು ತಿಂಗಳ ಮೇಲೆ ನಾಲ್ಕು ದಿನಕ್ಕೆ ಅದೇ ಸೀರೆ ಮತ್ತೆ ಬಂತು. ಸೀರೆ ಅದೇ, ಉಟ್ಟವಳು ಬೇರೆ. ಸೆರಗಿನ ಮೇಲೆ ಇಸ್ತ್ರಿ ಸುಟ್ಟ ಕಲೆ ಇತ್ತು, ಹಾಗಾಗಿ ಗುರುತು ಹತ್ತಿತು. ಬೋರಮಾಳವೂ ಅದೇ, ಬ್ಯಾಗೂ ಅದೇ.

“ಈ ಸೀರಿ ಹೋದ ತಿಂಗಳ ಬ್ಯಾರೆಯವರ ಮೈಮ್ಯಾಲಿತ್ತಲ್ರೀ?” ಎಂದೆ.

ಆಕೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಹೆಸರು ದುರ್ಗಾದೇವಿ, ಮೂಕಮ್ಮನ ಓಣಿಯವಳೇ. “ಇದು ದವಾಖಾನಿ ಸೀರಿರೀ. ಓಣ್ಯಾಗಿನ ಹೆಣಮಕ್ಕಳು ವಂತಿಗಿ ಹಾಕಿ ತಂದೀವಿ. ರಾಯಚೂರು ದವಾಖಾನಿಗೆ ಯಾರು ಹೊಂಟ್ರೂ ಇದನ್ನ ಉಟಗೊಂಡು ಬರ್ತೀವಿ. ಹರಕ ಸೀರ್ಯಾಗ ಬಂದ್ರ ಒಳಗಿನವರು ಮಾರಿ ಎತ್ತಿ ನೋಡಂಗಿಲ್ಲ, ‘ಏ, ಆ ಕಡಿ ಕುಂದ್ರು’ ಅಂತಾರ. ಇದನ್ನ ಉಟ್ರ ‘ಬರ್ರಿ ಅಮ್ಮಾ’ ಅಂತಾರ. ಸರ ಬಂಗಾರದ್ದಲ್ರೀ, ಬರೇ ಬಣ್ಣ. ಚಪ್ಪಲಿ ಅಷ್ಟ ಅವರವರದು.”

ಕೌಂಟರಿನ ಮೇಲೆ ಬಗ್ಗಿ ಅವಳ ಕಾಲು ನೋಡಿದೆ. ಹವಾಯಿ ಚಪ್ಪಲಿ, ಕಿತ್ತ ಪಟ್ಟಿಗೆ ಪಿನ್ನು ಚುಚ್ಚಿತ್ತು. ಇಪ್ಪತ್ತೆರಡು ವರ್ಷದಲ್ಲಿ ನಾನು ಯಾರ ಕಾಲನ್ನೂ ನೋಡಿರಲಿಲ್ಲ, ಕೌಂಟರ್ ಅಡ್ಡ ಇರುತ್ತಿತ್ತು.

“ಮೂಕಮ್ಮನ ಗಂಡ ಹ್ಯಾಂಗದಾನ?” ಎಂದೆ.

“ಅದಾನ್ರಿ. ಗುಳಿಗಿ ಬಾಳ ತುಟ್ಟಿ ಅಂತ ದಿನಕ್ಕ ಒಂದ ಕೊಟ್ಟಾಳ. ಅವೂ ಮುಗದು ನಾಕು ದಿನ ಆತು.”

ಮೂರು ತಿಂಗಳಿಗೆ ಆಗುವಷ್ಟು ಹದಿನೆಂಟು ಹಾಳೆ ಚೀಲಕ್ಕೆ ತುಂಬಿ, ಹಾಡಹಗಲೇ ಶಟರ್ ಎಳೆದು, ದುರ್ಗಾದೇವಿಯ ಜೊತೆಗೇ ದೇವದುರ್ಗದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಮೊರೆ: ಆ ಮನುಷ್ಯ ಬದುಕಿರಲಿ ಸ್ವಾಮಿ, ನಾನು ಹೋಗುವ ತನಕ ಬದುಕಿರಲಿ.

ಬದುಕಿದ್ದ! ತಗಡಿನ ಮನೆಯ ಮುಂದೆ ಹೊರಸಿನ ಮೇಲೆ ಕೂತು ಬೀಸಣಿಕೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದ. ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ಹೊತ್ತ ಹಮಾಲ, ಕೈ ನನ್ನ ಕೈಯ ಎರಡರಷ್ಟಿತ್ತು. ಆದರೆ ನನ್ನನ್ನು ಕಂಡು ಏಳಲು ಹೋಗಿ ಏದುಸಿರು ಬಿಟ್ಟ. “ಬರ್ರಿ, ನೆಳ್ಳಿಗೆ ಬರ್ರಿ” ಎಂದು ತನ್ನ ಜಾಗ ಬಿಟ್ಟುಕೊಟ್ಟ. ಬಾಗಿಲ ಮೇಲೆ ಬುದ್ಧನ ಕ್ಯಾಲೆಂಡರ್ ತೂಗುತ್ತಿತ್ತು. ಅಷ್ಟರಲ್ಲಿ ಮೂಕಮ್ಮ ಕೂಲಿಯಿಂದ ಬಂದಳು. ಬಣ್ಣ ಹೋದ ಸೀರೆ, ಮೊಣಕಾಲ ತನಕ ಧೂಳು. ದಾರಿಯಲ್ಲಿ ಎದುರಾಗಿದ್ದರೆ ನಾನು ಗುರುತಿಸುತ್ತಿರಲಿಲ್ಲ.

ಇದ್ದದ್ದು ಇದ್ದ ಹಾಗೆ ಹೇಳಿದೆ. “ನನ್ನ ತಪ್ಪಾತವಾ. ನಿನಗ ತಿಂಗಳಿಗೆ ನಾಕುನೂರ ಐವತ್ತು ಹೇಳಬೇಕಿತ್ತು. ಆ ಸೀರಿ, ಸರ ನೋಡಿ ಇದ್ದವರು ಅಂದುಕೊಂಡೆ.”

ಅವಳು ತಲೆಯ ಮೇಲಿನ ಬುತ್ತಿ ಬುಟ್ಟಿ ಇಳಿಸುವುದನ್ನೂ ಮರೆತು ನಿಂತಳು. “ಅಲ್ರೀ ಸಾವ್ಕಾರ್ರ, ಹರಕ ಸೀರಿ ಉಟ್ರ ದವಾಖಾನಿಯವರು ಮುಟ್ಟಿ ನೋಡಂಗಿಲ್ಲ. ಚಲೋ ಸೀರಿ ಉಟ್ರ ನೀವು ನಾಕು ಪಟ್ಟು ತಗೋತೀರಿ. ನಾವು ಯಾವ ಸೀರಿ ಉಡಬೇಕ್ರೀ?”

ಬಾಗಿಲಲ್ಲಿ ಓಣಿಯ ಹೆಂಗಸರು ನೆರೆದಿದ್ದರು. ಚೀಲ ಬಿಚ್ಚಿ ಹದಿನೆಂಟು ಹಾಳೆಯನ್ನೂ ಹೊರಸಿನ ಮೇಲೆ ಸುರಿದೆ.

“ಮೂರು ತಿಂಗಳದ್ದು ಅದ. ದಿನಾ ಎರಡು ಹೊತ್ತು ಕೊಡು. ಮೂರು ತಿಂಗಳ ಆದ ಮ್ಯಾಲ ಅಂಗಡಿಗೆ ಬಾ, ಮತ್ತ ಕೊಡ್ತೀನಿ.”

“ಎಷ್ಟಾತ್ರಿ?”

“ಏನೂ ಬ್ಯಾಡ. ಪುಕ್ಕಟ.”

“ಹಂಗ ಬ್ಯಾಡ್ರಿ. ಎಷ್ಟರ ತಗೋರಿ.”

“ಬ್ಯಾಡಂದ್ರ ಬ್ಯಾಡವಾ! ಒಂದ ಮಾತು ಎಷ್ಟ ಸಲ ಹೇಳಬೇಕು?” ಎಂದು ಗದರಿಸಿಯೇಬಿಟ್ಟೆ. ದುಡ್ಡು ತಗೊಂಡರೆ ನನ್ನ ಪಾಪ ತೊಳೆಯುವುದು ಹೇಗೆ? ತಿರುಗಿ ಬರುವಾಗ ಬಸ್ಸಿನ ಕಿಟಕಿಗೆ ತಲೆಯಿಟ್ಟು ಹಾಯಾಗಿ ನಿದ್ದೆ ಮಾಡಿದೆ. ಮಾನ್ವಿಗೆ ಫೋನ್ ಹಚ್ಚಿ ಅಪ್ಪನಿಗೂ ಹೇಳಿದೆ, ಅವರು “ಶಾಬಾಸ್” ಎಂದರು. ಆ ದಿನ ನನಗೆ ನನ್ನ ಮೇಲೆಯೇ ಬಹಳ ಪ್ರೀತಿ ಬಂದಿತ್ತು.

ಎರಡು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಮೂಕಮ್ಮ ಬಂದಳು, ಕೂಲಿಯ ಸೀರೆಯಲ್ಲಿ. ಇದ್ದ ಗಿರಾಕಿಗಳೆಲ್ಲ ಹೋಗುವ ತನಕ ಪಕ್ಕದಲ್ಲಿ ನಿಂತಳು. ಹಣೆ ಬರಿದಾಗಿತ್ತು.

“ಹೋದ್ರೀ” ಎಂದಳು. “ಹನ್ನೊಂದು ದಿನ ಆತು. ದವಾಖಾನ್ಯಾಗ ಒಂದು ಕಾಗದ ಬೇಕಾಗಿತ್ತು, ಅದಕ ಬಂದಿದ್ದೆ. ನೀವು ಮೂರು ತಿಂಗಳಿಗೆ ದಾರಿ ನೋಡ್ತೀರಿ ಅಂತ ಹೇಳಿ ಹೋಗೋಣ ಅಂತ...”

ನನಗೆ ಬಂದದ್ದು ದುಃಖವಲ್ಲ, ಸಿಟ್ಟು. ಕೈಯಲ್ಲಿದ್ದ ಕತ್ತರಿಯನ್ನು ಕೌಂಟರಿನ ಮೇಲೆ ಕುಕ್ಕಿದೆ. “ಮೂರು ತಿಂಗಳದ್ದು ಕೊಟ್ಟಿದ್ನಲ್ಲ! ನುಂಗಿಸಲಿಲ್ಲೇನು? ಏನ್ ಮಾಡಿದಿ ಅವನ್ನ?”

“ಹಂಚಿದೆರೀ.”

“ಹಂಚಿದಿ?”

“ದುರ್ಗಾದೇವಿ ಮಾವಗ ಎದಿಬ್ಯಾನಿ ಅದ. ಆಟೋ ಹೊಡಿಯೋ ಅಮೀರ್ ಸಾಬಗ ಸೈತ ಅದ. ಅವರಿಗೆ ಯಾರೂ ಗುಳಿಗಿ ಬರದು ಕೊಟ್ಟಿಲ್ಲ, ದವಾಖಾನಿಗೆ ತೋರಸಾಕ ಹೋದ್ರ ಅಲ್ಲೇನ್ರೀ ಬರದು ಕೊಡೋದು? ನೀವು ಸುರದಿದ್ದು ಎಲ್ಲಾರೂ ನೋಡಿದ್ರು. ನಾವು ಕೊಂಡು ತಂದದ್ದಾದ್ರ ನಮ್ಮ ಮನಿದು, ಯಾರೂ ಕೇಳಂಗಿಲ್ಲ. ಪುಕ್ಕಟ ಬಂದದ್ದನ್ನ ಒಬ್ಬರ ಮನ್ಯಾಗ ಇಟಗೊಳ್ಳಾಕ ಬರಂಗಿಲ್ರೀ, ಅದು ಓಣಿದು. ರೇಷನ್ ಬ್ಯಾಳಿ ಬರಲಿ, ಮದುವಿ ಮನಿ ಅನ್ನ ಬರಲಿ, ಮೊದಲಿಂದ ಹಂಗ ಮಾಡ್ಕೊತ ಬಂದೀವಿ. ಮೂರು ಪಾಲು ಮಾಡಿದೆ, ಸಮ. ನಮಗೊಂದು ಹೆಚ್ಚ ಇಟಗೊಳ್ಳಲಿಲ್ಲ.”

ನೂರಾ ಎಂಬತ್ತು ಗುಳಿಗೆಯಲ್ಲಿ ಒಂದು ಪಾಲಿಗೆ ಅರವತ್ತು. ಮೌನಪ್ಪನಿಗೆ ಬಂದದ್ದು ಒಂದೇ ತಿಂಗಳದ್ದು. ಉಳಿದಿಬ್ಬರಿಗೆ ಆ ಗುಳಿಗೆಯಿಂದ ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ದೇವರೇ ಬಲ್ಲ.

“ಮುಗದ ಮ್ಯಾಲ ನನ್ನ ಹತ್ರ ಬರಬೇಕಿಲ್ಲೇನವಾ? ಕೊಡ್ತಿದ್ದಿಲ್ಲೇನು ನಾ?”

“ಮೂರು ತಿಂಗಳ ಆದ ಮ್ಯಾಲ ಬಾ ಅಂದಿದ್ರಿ. ತಿಂಗಳಿಗೇ ಬಂದು ಪುಕ್ಕಟ ಕೊಟ್ಟವರ ಮುಂದ ಹ್ಯಾಂಗ ನಿಂದ್ರಲ್ರೀ? ರೊಕ್ಕಾ ಕೂಡಿಸಿಗೊಂಡು ಬರೋಣ ಅಂತಿದ್ದೆ. ಮುಗದು ಇಪ್ಪತ್ತು ದಿನಕ್ಕ, ನೀರು ಕೇಳಿದ, ಕೊಡೋದರಾಗ...”

ಒಮ್ಮೆ ನಾಲ್ಕು ಪಟ್ಟು ಹೇಳಿದೆ, ಒಮ್ಮೆ ಪುಕ್ಕಟೆ ಕೊಟ್ಟೆ. ಅವಳಿಗೆ ಎಟುಕುವ ರೇಟು ನನ್ನ ಅಂಗಡಿಯಲ್ಲೇ ಇತ್ತು, ಇಪ್ಪತ್ತೆರಡು ವರ್ಷದಿಂದ ಇತ್ತು. ಅದೊಂದನ್ನು ಮಾತ್ರ ನಾನು ಅವಳಿಗೆ ಹೇಳಲಿಲ್ಲ. ಈ ಪಾಠವನ್ನು ಯಾವ ಮಾಸ್ತರೂ ನನಗೆ ಮಾಡಿರಲಿಲ್ಲ. ಕುಡಿಯಲು ನೀರು ಕೊಟ್ಟೆ, ಎತ್ತಿ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು, “ಬಸ್ಸಿಗೆ ಹೊತ್ತಾತು” ಎಂದು ಮೆಟ್ಟಿಲಿಳಿದಳು.

ಇಳಿದವಳು ತಿರುಗಿ ನಿಂತಳು. ಮುಖದಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ.

“ಅವತ್ತ ನೀವು ನನ್ನ ಕಡಿಂದ ಒಂದು ನೂರು ರೂಪಾಯಿನರ ತಗೋಬೇಕಿತ್ರೀ” ಎಂದಳು. “ನಮ್ಮವಾಗಿರ್ತಿದ್ವು.”