ಎರಡು ನಲವತ್ತರ ಬಸ್ಸು

ಮೂರನೆಯ ಕಟ್ಟಡದ ಐದನೇ ಮಹಡಿಯಲ್ಲಿ, ಕಾವಲು ಸುತ್ತಿನ ದಾಖಲೆಗೆಂದು ಗೋಡೆಗೆ ಅಂಟಿಸಿದ್ದ ಟ್ಯಾಗ್‌ಗೆ ಫೋನ್ ತಾಗಿಸುತ್ತಲೇ ಕಾವಲುಗಾರ ವಿಲ್ಫ್ರೆಡ್ ಗಂಟೆ ನೋಡಿದ. ಎರಡು ನಲವತ್ತು. ಇನ್ನೂ ಏಳು ಟ್ಯಾಗ್ ಬಾಕಿ. ಅತ್ತ ಮೊದಲನೆಯ ಕಟ್ಟಡದೆದುರು ಇಂಚರಳ ಶಾಲೆಯ ಬಸ್ಸು ಬಂದಿರುವ ಹೊತ್ತು. ಎಂಟು ವರ್ಷದ ಹುಡುಗಿ ಏಳನೇ ಮಹಡಿಯ ಮನೆಯೊಳಗೆ ಹೋಗಿ ಚಿಲಕ ಹಾಕಿಕೊಂಡಳೆಂದು ಕಣ್ಣಾರೆ ನೋಡಿ, ಅವಳ ತಾಯಿ ಬಿಂದುವಿಗೆ 'ಬಂದಳು' ಎಂದು ಮೆಸೇಜ್ ಹಾಕುವುದು ಕಾವಲುಗಾರನ ಕರಾರಿನಲ್ಲಿರುವ ಕೆಲಸವೇನಲ್ಲ. ಆದರೂ ಎರಡು ವರ್ಷದಿಂದ ನಡೆದುಬಂದಿತ್ತು. ಬಿಂದುವಿನ ಗಂಡ ನಂದನ್ ಕೆಲಸದ ಮೇಲೆ ವಾರವೆಲ್ಲ ಅಬುಧಾಬಿಯಲ್ಲಿ. ಬಿಂದು ಕ್ಲಿನಿಕ್ಕಿನ ಲ್ಯಾಬಿನಿಂದ ಬರುವುದು ಐದಕ್ಕೆ. ಅಲ್ಲಿಯ ತನಕ ಅವಳು ನೆಮ್ಮದಿಯಾಗಿ ಕೆಲಸ ಮಾಡುತ್ತಿದ್ದದ್ದು ಆ ಒಂದು ಪದದ ಬಲದಿಂದ.

ಬಸ್ಸು ಯಾವತ್ತೂ ತಡವಾದದ್ದಿಲ್ಲ. ವಿಲ್ಫ್ರೆಡ್ 'ಬಂದಳು' ಎಂದು ಒತ್ತಿ ಮುಂದಿನ ಟ್ಯಾಗ್‌ನತ್ತ ಓಡಿದ.

ಅಲ್ ಮುರಕ್ಕಬಾತ್ ಬಡಾವಣೆಯ ಈ ಮೂರು ಕಟ್ಟಡಗಳಿಗೆ ಮೊದಲು ಮೂವರು ಕಾವಲುಗಾರರಿದ್ದರು. ಖರ್ಚು ಇಳಿಸಬೇಕೆಂದು ಮಾಲೀಕರು ಇಬ್ಬರನ್ನು ತೆಗೆದು, ಗೋಡೆಗೋಡೆಗೂ ಟ್ಯಾಗ್ ಅಂಟಿಸಿದರು. ಗಂಟೆಗೊಮ್ಮೆ ಆ ನಲವತ್ತು ಟ್ಯಾಗಿಗೂ ಫೋನ್ ತಾಗಿಸದಿದ್ದರೆ ಸಂಬಳಕ್ಕೆ ಕತ್ತರಿ. ಕೆಲಸ ಕಳೆದುಕೊಂಡ ಶಮೀರ್ ಹೋಗುವಾಗ ಒಂದು ಗುಟ್ಟು ಹೇಳಿದ್ದ: ಎಲ್ಲವನ್ನೂ ಕಿತ್ತು ಕುರ್ಚಿಯ ಅಡಿಗೆ ಅಂಟಿಸಿಕೊಂಡರೆ ಕೂತಲ್ಲೇ ಕಾವಲು ಮುಗಿಯುತ್ತದೆ. ವಿಲ್ಫ್ರೆಡ್ ಒಪ್ಪಲಿಲ್ಲ.

ಅವನು ಹಿಂದೆ ಊರಿನಲ್ಲಿ ಹೋಮ್ ಗಾರ್ಡ್ ಆಗಿದ್ದವ. ತಿಂಗಳ ಇಪ್ಪತ್ತಕ್ಕೆಲ್ಲ ಠಾಣೆಯ ಜೀಪಿನ ಡೀಸೆಲ್ ಮುಗಿಯುತ್ತಿತ್ತು. ಉಳಿದ ಹತ್ತು ದಿನ ಗಸ್ತು ಹೋಗದೆಯೇ, ಅಂಗಡಿಗಳಲ್ಲಿಟ್ಟ ಬೀಟ್ ಪುಸ್ತಕಕ್ಕೆ ಪೊಲೀಸಪ್ಪ ಒಂದೇ ಬೆಳಿಗ್ಗೆ ಸಹಿ ಜಡಿಯುತ್ತಿದ್ದ. ಕಂಡ ಅಂಗಡಿಯವರು ಮೊದಮೊದಲು ನಕ್ಕರು; ಆಮೇಲೆ ಕಳ್ಳತನವಾದರೂ ಠಾಣೆಗೆ ಹೇಳುವುದನ್ನೇ ಬಿಟ್ಟರು. ಪಕ್ಕದಲ್ಲಿ ಸುಮ್ಮನೆ ನಿಂತಿದ್ದ ವಿಲ್ಫ್ರೆಡ್‌ಗೆ ಆ ನಾಚಿಕೆ ಇನ್ನೂ ಹೋಗಿರಲಿಲ್ಲ. ಹಾಗಾಗಿ ಟ್ಯಾಗ್‌ಗಳ ವಿಷಯದಲ್ಲಿ ಅವನು ಚೊಕ್ಕ. ಯಂತ್ರಕ್ಕೆ ಸತ್ಯ ಹೇಳಿ ಹೇಳಿ ಕಾಲು ಸೋತವನಿಗೆ ಮನುಷ್ಯರಿಗೂ ಅದನ್ನು ಹೇಳಲು ಪುರುಸೊತ್ತು ಸಿಗಲಿಲ್ಲ, ಅಷ್ಟೆ.

ಸುತ್ತು ಮುಗಿಸಿ ಬಂದು ಏಳನೇ ಮಹಡಿಯ ಬೆಲ್ ಒತ್ತಿದಾಗ ಎರಡು ಐವತ್ತೈದು. ಒಳಗೆ ಸದ್ದಿಲ್ಲ. ಬಾಗಿಲು ಬಡಿದು ಹೆಸರು ಕೂಗಿದ. ಕೆಳಗಿಳಿದು ಕಿರಾಣಿ ಅಂಗಡಿ, ಪಾರ್ಕಿಂಗ್, ಕಸದ ಕೋಣೆಯ ಹಿಂಬದಿ ಎಲ್ಲ ಜಾಲಾಡಿದ. ಮತ್ತೆ ಹತ್ತಿ ತಾರಸಿಗೂ ಹೋದ. ಜೇಬಿನಲ್ಲಿ ಫೋನ್ ನಡುಗುತ್ತಲೇ ಇತ್ತು. ಬಿಂದುವಿನ ಕರೆ. ಎತ್ತುವ ಧೈರ್ಯವಾಗಲಿಲ್ಲ.

ಮೂರೂಕಾಲಿಗೆ ಟ್ಯಾಕ್ಸಿಯಿಂದ ಬಿಂದು ಲ್ಯಾಬಿನ ಬಿಳಿ ಕೋಟಿನಲ್ಲೇ ಇಳಿದಳು. ಬಸ್ಸು ಕೆಟ್ಟಿದೆ, ಮುಕ್ಕಾಲು ಗಂಟೆ ತಡವೆಂದು ಶಾಲೆಯವರು ಎರಡೂವರೆಗೇ ತಿಳಿಸಿದ್ದರಂತೆ. ಅವಳು ನಿಶ್ಚಿಂತೆಯಿಂದಲೇ ಇದ್ದಳು, ಇವನ 'ಬಂದಳು' ಬರುವ ತನಕ. ಬಸ್ಸೇ ಬಾರದೆ ಮಗಳು ಬಂದದ್ದು ಹೇಗೆ, ಯಾರ ಜೊತೆ?

"ನೀವು ಅವಳನ್ನ ನೋಡಿದ್ರಾ, ವಿಲ್ಫ್ರೆಡ್?"

"ಇಲ್ಲ ಮೇಡಂ. ದಿನಾ ಅದೇ ಹೊತ್ತಿಗೆ ಬರ್ತದಲ್ಲ, ಹಾಗೆ ಹಾಕಿದ್ದು. ನಾನು ಆಚೆ ಬಿಲ್ಡಿಂಗಲ್ಲಿ ಇದ್ದೆ."

ಅಷ್ಟರಲ್ಲಿ ಹಳದಿ ಬಸ್ಸು ತಿರುವಿನಲ್ಲಿ ಕಾಣಿಸಿತು. ಇಂಚರ ಇಳಿದು, "ದಿ ಎಸಿ ಡೈಡ್, ಅಮ್ಮಾ. ದೇ ಗೇವ್ ಅಸ್ ಜ್ಯೂಸ್," ಎಂದಳು. ಬಿಂದು ಮಗಳನ್ನು ಅಪ್ಪಿಕೊಂಡು ಎಷ್ಟೋ ಹೊತ್ತು ಬಿಡಲಿಲ್ಲ. ವಿಲ್ಫ್ರೆಡ್ ತಪ್ಪಾಯಿತೆಂದು ಎರಡು ಮೂರು ಸಲ ಹೇಳಿದ. ಅವಳು ನಾಲ್ಕು ಮಾತು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಲಿಫ್ಟಿನೊಳಗೆ ನಿಂತ ಮೇಲೆ ಅವಳು ತಿರುಗಿ ನೋಡಿದಳು.

"ನಿನ್ನೆ ನೋಡಿದ್ರಾ?"

"ನಿನ್ನೆ ನೋಡಿದ್ದೆ ಮೇಡಂ."

"ಸೋಮವಾರ?"

ಸೋಮವಾರ ಆ ಹೊತ್ತಿಗೆ ಅವನು ಎರಡನೆಯ ಕಟ್ಟಡದ ತಾರಸಿಯಲ್ಲಿದ್ದ. ಲಿಫ್ಟಿನ ಬಾಗಿಲು ತಾನೇ ಮುಚ್ಚಿಕೊಂಡಿತು.

ಮರುದಿನ ಹನ್ನೊಂದು ಟ್ಯಾಗ್ ಬಿಟ್ಟು, ಕತ್ತರಿ ಬಿದ್ದರೆ ಬೀಳಲಿ ಎಂದುಕೊಂಡು ಅವನು ಎರಡೂವರೆಗೇ ರಸ್ತೆ ಬದಿಯಲ್ಲಿ ನಿಂತಿದ್ದ. ಬಿಂದು ಬೇರೆ ಯಾರನ್ನಾದರೂ ಕಳಿಸಿಯಾಳು ಎಂಬ ಅಳುಕು ಇತ್ತು. ಯಾರೂ ಬರಲಿಲ್ಲ, ಅವಳಿಗೂ ಈ ಊರಿನಲ್ಲಿ ಬೇರೆ ಯಾರಿದ್ದರು. ಬಸ್ಸು ಬಂತು. ಹುಡುಗಿಯನ್ನು ಮನೆ ಬಾಗಿಲ ತನಕ ಬಿಟ್ಟು, ಒಂದೊಂದೇ ಅಕ್ಷರ ನೋಡಿ 'ಬಂದಳು' ಎಂದು ಬರೆದು ಕಳಿಸಿದ.

ಒಡನೆಯೇ ಉತ್ತರ ಬಂತು: 'ಫೋಟೋ ಕಳಿಸಿ.'

ಅವನು ಅದನ್ನು ಎರಡು ಸಲ ಓದಿದ. ಆಮೇಲೆ ಒಳಗೆ ಹೊರಟಿದ್ದ ಹುಡುಗಿಯನ್ನು ಕರೆದು, ಬಾಗಿಲ ಬಳಿ ಒಂದು ಗಳಿಗೆ ನಿಲ್ಲಲು ಹೇಳಿದ.

"ಶುಡ್ ಐ ಸ್ಮೈಲ್, ಅಂಕಲ್?"

"ನಗಾಡಿದ್ರೂ ಆಯ್ತು, ಇಲ್ಲದಿದ್ರೂ ಆಯ್ತು ಮಗಾ."

ಇಂಚರ ಸ್ವಲ್ಪ ಯೋಚಿಸಿ, ಶಾಲೆಯ ಗುರುತಿನ ಚೀಟಿಗೆ ಫೋಟೋ ತೆಗೆಯುವಾಗ ನಿಲ್ಲುವ ಹಾಗೆ, ಎರಡೂ ಕೈ ಇಳಿಬಿಟ್ಟು ನೆಟ್ಟಗೆ ನಿಂತಳು.